ದಾದಿಯ ಕೈ ತುರಿಸಿದರೆ ಸಾಬೂನನ್ನೇ ದೂರಬೇಡಿ

ಕಳವಾ, ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಿಂದ ಲೋಕಲ್ ಹಿಡಿದು ಆಸ್ಪತ್ರೆಯ ಪಾಳಿಗೆ ಹೋಗುವ ಹೆಣ್ಣುಮಕ್ಕಳ ಕೈಗಳನ್ನು ನಾವು ಎಂದಾದರೂ ಸರಿಯಾಗಿ ನೋಡಿದ್ದೇವೆಯೇ? ಬೆರಳ ಸಂದಿಯಲ್ಲಿ ಕೆಂಪು, ತುರಿ, ಬಿರುಕು. ಮನೆಯಲ್ಲಿ "ಸಾಬೂನಿನ ದೋಷ" ಎಂದು ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಆಸ್ಪತ್ರೆಯಲ್ಲಿ "ನಿನಗೆ ಈ ಕೆಲಸ ಒಗ್ಗದು, ಬಿಡು" ಎನ್ನುತ್ತಾರೆ. ಮೊದಲನೆಯದು ಅಜ್ಞಾನ, ಎರಡನೆಯದು ಶುದ್ಧ ಅನ್ಯಾಯ.

ಸಾಬೂನಿನಿಂದಲೂ ಕೈ ಕೆಡುತ್ತದೆ, ನಿಜ. ಆದರೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿಯ ಮದ್ದಿನ ಪುಡಿಗೆ ನೀರು ಬೆರೆಸುವಾಗ ಸೀಸೆಯೊಳಗೆ ಒತ್ತಡ ಏರುತ್ತದೆ. ಸೂಜಿ ಹೊರಗೆಳೆದಾಗ, ಸಿರಿಂಜಿನ ಗಾಳಿ ಬಿಟ್ಟಾಗ ಸಣ್ಣ ತುಂತುರು ಕೈಗೂ ಮುಖಕ್ಕೂ ಸಿಡಿಯುತ್ತದೆ. ದಿನವೂ ಇದೇ ಕೆಲಸ. ದೇಹ ಒಮ್ಮೆ ಆ ಮದ್ದನ್ನು ಹಗೆಯೆಂದು ಗುರುತು ಹಿಡಿಯಿತೋ, ಮುಂದೆ ಹನಿ ತಾಗಿದರೂ ದದ್ದು ಏಳಬಹುದು, ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿದು ಜೀವಕ್ಕೇ ಮುಳುವಾಗಬಹುದು. ಜಪಾನ್, ಕೊರಿಯಾಗಳ ದಾದಿಯರಿಗೆ ಸೆಫೋಟಿಯಾಮ್ ಎಂಬ ಮದ್ದು ತಾಗಿಯೇ ಹೀಗಾದದ್ದು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿದೆ. ನಾಳೆ ಅವಳೇ ಕಾಯಿಲೆ ಬಿದ್ದು, ಅದೇ ಮದ್ದನ್ನು ಅವಳಿಗೆ ಚುಚ್ಚಿದರೆ?

ಇದು ಹೊಸ ಸುದ್ದಿಯಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅದನ್ನು ಕ್ಷಯರೋಗಿಗಳಿಗೆ ಚುಚ್ಚುತ್ತಿದ್ದ ದಾದಿಯರ ಚರ್ಮರೋಗ ಆ ದಶಕದಲ್ಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪೆನಿಸಿಲಿನ್ ತಯಾರಿಸತೊಡಗಿದ್ದು 1955ರಲ್ಲಿ. ಅಲ್ಲಿಂದೀಚೆಗೆ ಎಷ್ಟು ದಾದಿಯರ ಕೈ ಸವೆದಿಲ್ಲ! 1923ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಉದ್ಯೋಗದಿಂದ ಬರುವ ಚರ್ಮರೋಗಕ್ಕೂ ಜಾಗ ದೊರಕಿತ್ತು. ಕಾಯಿದೆಗೆ ಕಂಡದ್ದು ಆಡಳಿತದವರಿಗೆ ಕಾಣದೆಂದರೆ ನಾವು ನಂಬುವುದಿಲ್ಲ.

"ಕೈಗವಸಿಗೆ ಖರ್ಚು" ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಹೊರರೋಗಿ ವಿಭಾಗದ ನೆಲಕ್ಕೆ ಹೊಳೆಯುವ ಕಲ್ಲು ಹಾಸಲು ಹಣವಿದೆಯಲ್ಲ! ನಮ್ಮ ಬೇಡಿಕೆ ದೊಡ್ಡದಲ್ಲ. ಮದ್ದು ಬೆರೆಸುವವಳಿಗೆ ಕೈಗವಸು ಬೇಕು. ಸಿರಿಂಜಿನ ಗಾಳಿಯನ್ನು ಸೀಸೆಯೊಳಗೇ ಬಿಡುವ ಪಾಠವಾಗಬೇಕು. ವಾರ್ಡಿನಲ್ಲಿ ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಮೈ ಕೈಕೊಟ್ಟಾಗ ಅದನ್ನು ತಡಮಾಡದೆ ತೊಡೆಯ ಸ್ನಾಯುವಿಗೆ ಚುಚ್ಚಬೇಕು. ಅಲರ್ಜಿ ಗೊತ್ತಾದವಳಿಗೆ ಸಂಬಳ ಕಡಿಯದೆ ಬೇರೆ ವಿಭಾಗ ಕೊಡಬೇಕು.

ನಮ್ಮ ಸಂಘಕ್ಕೂ ಒಂದು ಮಾತು: ಮುಂದಿನ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ಬಿ.ಪಿ. ನೋಡುವ ಮೇಜಿನ ಪಕ್ಕ ಒಬ್ಬ ಚರ್ಮವೈದ್ಯರನ್ನೂ ಕೂರಿಸಿ, ರಾತ್ರಿಪಾಳಿಯವರಿಗೆ ಅನುಕೂಲವಾಗುವ ಹೊತ್ತಿನಲ್ಲಿ.