ಮಗುವಿಗೆ ಜ್ವರ, ರಜೆ ಯಾರಿಗೆ?

ಚಿಕ್ಕ ಮಕ್ಕಳಿಗೆ ಒಂದರ ಬೆನ್ನಿಗೊಂದು ಕಾಯಿಲೆ ಬಂದರೆ ಅದಕ್ಕೆ ನಮ್ಮ ಹಿರಿಯರು ಬಾಲಗ್ರಹ ಎನ್ನುತ್ತಿದ್ದರು. ಪದ ಹಳತಾಗಿದೆ, ನಂಬಿಕೆ ಹಾಗೇ ಇದೆ. ಒಂದು ಮಗುವಿಗೆ ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ಇನ್ನೊಂದಕ್ಕೆ ಭೇದಿ, ಅದು ನಿಂತಿತು ಅನ್ನುವಷ್ಟರಲ್ಲಿ ದೊಡ್ಡದು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡರೆ, ‘ಯಾರದೋ ಕಣ್ಣು ಬಿದ್ದಿದೆ’ ಎನ್ನಲು ಬಂಧುಬಳಗ ತಡಮಾಡುವುದಿಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ. (ಬರೆ ಹಾಕುವವರ ಮಾತು ಬೇರೆ, ಅವರು ಕಾಯಿಲೆಯ ಜೊತೆಗೆ ಗಾಯವನ್ನೂ ಕೊಡುತ್ತಾರೆ.) ತೊಂದರೆ ಇರುವುದು ಅದರ ಹಿಂದಿನ ತರ್ಕದಲ್ಲಿ. ಇದು ಆ ಮನೆಯ ಗ್ರಹಚಾರ, ಆ ತಾಯಿಯ ಮೈಮರೆವು, ಆದ್ದರಿಂದ ನಿಭಾಯಿಸುವುದೂ ಅವರ ಪಾಡು ಎಂಬ ತರ್ಕ ಅದು. ನಮ್ಮ ಕಾರ್ಮಿಕ ಕಾನೂನು ದೃಷ್ಟಿ ತೆಗೆಯುವುದಿಲ್ಲ ನಿಜ. ಆದರೆ ಮಗುವಿನ ಕಾಯಿಲೆಯ ವಿಷಯದಲ್ಲಿ ಅದು ಯೋಚಿಸುವುದೂ ಹೆಚ್ಚುಕಡಿಮೆ ಹೀಗೆಯೇ.

ಈ ಸರಣಿಯಲ್ಲಿ ಗ್ರಹಚಾರ ಎಷ್ಟಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬಹುದು. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ-ಜ್ವರ ಬರುವುದು ಸಾಮಾನ್ಯ ಎನ್ನುತ್ತದೆ ಮಕ್ಕಳ ವೈದ್ಯಶಾಸ್ತ್ರ. ಅಂಗನವಾಡಿಗೋ ಪ್ಲೇಹೋಮಿಗೋ ಸೇರಿದ ಮೊದಲ ವರ್ಷ ಇನ್ನೂ ಹೆಚ್ಚು. ಪ್ರತಿ ಸಲವೂ ವಾರ, ಹತ್ತು ದಿನ. ಕೆಮ್ಮಾದರೆ ಎರಡು ವಾರವೂ ಎಳೆಯುತ್ತದೆ. ಮನೆಯಲ್ಲಿ ಎರಡು ಮಕ್ಕಳಿದ್ದರೆ ವರ್ಷದ ಎಷ್ಟು ದಿನ ಯಾರಾದರೊಬ್ಬರು ಮೂಗು ಸುರಿಸುತ್ತಿರುತ್ತಾರೆ ಎಂಬುದನ್ನು ಬೆರಳೆಣಿಸಿಯೇ ಹೇಳಬಹುದು. ‘ಅಮ್ಮ’ ಎಂದು ಕರೆಯುವ ಸೀತಾಳೆ ಸಿಡುಬನ್ನೇ ನೋಡಿ. ದೊಡ್ಡ ಮಗುವಿಗೆ ಬೊಕ್ಕೆ ಎದ್ದರೆ ಅವೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ, ಅಂದರೆ ಐದಾರು ದಿನವೋ ಒಂದು ವಾರವೋ, ಮನೆಯಲ್ಲೇ ಇರಬೇಕು. ಸೋಂಕು ತಗುಲಿದವರಿಗೆ ಬೊಕ್ಕೆ ಕಾಣಿಸಿಕೊಳ್ಳಲು ಹತ್ತರಿಂದ ಇಪ್ಪತ್ತೊಂದು ದಿನ, ಸಾಮಾನ್ಯವಾಗಿ ಎರಡು ವಾರ ಬೇಕು. ಹಾಗಾಗಿ ದೊಡ್ಡದು ಶಾಲೆಗೆ ಮರಳಿ, ಅಪ್ಪ-ಅಮ್ಮ ಕೆಲಸಕ್ಕೆ ಹೋಗಿ, ಬೇವಿನ ಎಲೆಯ ನೀರೆರೆದು ಎಲ್ಲ ಮುಗಿಯಿತು ಅಂದುಕೊಂಡ ಹೊತ್ತಿಗೆ ಚಿಕ್ಕದರ ಬೆನ್ನ ಮೇಲೆ ಮೊದಲ ಬೊಕ್ಕೆ ಕಾಣಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವುದೋ ಶಕ್ತಿ ಆ ಮನೆಯ ಬೆನ್ನು ಹತ್ತಿದಂತೆಯೇ ಕಾಣಬೇಕು. ಪೆಟ್ಟುಗಳಿಗೆ ಇಷ್ಟು ಖಚಿತವಾದ ಗಣಿತ ಇಲ್ಲ. ಆದರೂ ಮೂರು ರಾತ್ರಿ ನಿದ್ದೆಗೆಟ್ಟ ಮನೆಯಲ್ಲಿ ಬಿಸಿನೀರಿನ ಬಕೆಟ್ಟು ಬಚ್ಚಲ ಬಾಗಿಲಲ್ಲೇ ಉಳಿಯುವುದು, ಮಾತ್ರೆಯ ಸ್ಟ್ರಿಪ್ಪು ಹಾಸಿಗೆಯ ಮೇಲೆ ಮರೆತುಹೋಗುವುದು ಸುಲಭ. ಒಂದು ಮಗುವನ್ನು ಮಡಿಲಲ್ಲಿ ಹಿಡಿದು ಕೂತವರಿಗೆ ಇನ್ನೊಂದು ಕಿಟಕಿ ಹತ್ತುವುದು ಕಾಣುವುದಿಲ್ಲ.

ಈ ಕಾಯಿಲೆಗಳಲ್ಲಿ ಬಹುಪಾಲಿನವಕ್ಕೆ ಬೇಕಾದ ಮುಖ್ಯ ಔಷಧ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ. ಭೇದಿಯ ಚಿಕಿತ್ಸೆ ಬಡವರಿಗೂ ಎಟುಕುವಷ್ಟು ಅಗ್ಗ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ, ದಿನಕ್ಕೊಂದರಂತೆ ಹದಿನಾಲ್ಕು ದಿನ ಸತುವಿನ ಮಾತ್ರೆ. ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಆದರೆ ಆ ನೀರನ್ನು ಲೋಟದಲ್ಲಿ ಕೊಟ್ಟರೆ ಮಗು ವಾಂತಿ ಮಾಡುತ್ತದೆ; ಚಮಚೆ ಚಮಚೆಯಾಗಿ ಕುಡಿಸಬೇಕು. ಕಕ್ಕಿದರೆ ಹತ್ತು ನಿಮಿಷ ಕಾದು ಮತ್ತೆ ಶುರು ಮಾಡಬೇಕು. ಕಣ್ಣು ಗುಳಿ ಬಿದ್ದಿದೆಯೇ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂದು ನೋಡುತ್ತಿರಬೇಕು. ಪೊಟ್ಟಣಕ್ಕೆ ಬಜೆಟ್‌ನಲ್ಲಿ ಹಣ ಇಟ್ಟ ಸರ್ಕಾರಗಳು ಚಮಚೆ ಹಿಡಿಯುವ ಕೈಗೆ ಏನನ್ನೂ ಇಟ್ಟಿಲ್ಲ. ಆ ಕೈಗೆ ಬಿಡುವು ಸಿಗದಿದ್ದಾಗ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಶಾಲೆಗೆ ಕಳಿಸುತ್ತಾರೆ. ಔಷಧದ ಪ್ರಭಾವ ಇಳಿಯುವ ಮಧ್ಯಾಹ್ನದ ಹೊತ್ತಿಗೆ ಪಕ್ಕದ ನಾಲ್ಕು ಮಕ್ಕಳಿಗೆ ಸೋಂಕು ಹಂಚಿಕೆಯಾಗಿರುತ್ತದೆ. ವರ್ಷವಿಡೀ ತಪ್ಪದೆ ಬಂದ ಮಗುವಿಗೆ ಬಹುಮಾನ ಕೊಡುವ ಶಾಲೆಗಳು ಯಾವುದನ್ನು ಪ್ರೋತ್ಸಾಹಿಸುತ್ತಿವೆ ಎಂದು ಯೋಚಿಸಿದಂತಿಲ್ಲ. ವೈದ್ಯರ ಬಳಿ ‘ನಾಳೆಯೊಳಗೆ ವಾಸಿಯಾಗಬೇಕು, ಸ್ಟ್ರಾಂಗ್ ಆಗಿರೋದು ಬರೀರಿ’ ಎಂಬ ಬೇಡಿಕೆ ಬರುವುದೂ ಇದೇ ಒತ್ತಡದಿಂದ. ವೈರಸ್ಸಿನ ನೆಗಡಿಗೆ ಆ್ಯಂಟಿಬಯೋಟಿಕ್, ಹಾಲು ಕುಡಿಯುವ ಕೂಸಿಗೂ ಕೆಮ್ಮಿನ ಸಿರಪ್ಪು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ಪು ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ಅಪರಾಧ ತಯಾರಕರದ್ದು ಮತ್ತು ತಪಾಸಣೆ ಮಾಡದವರದ್ದು, ಅನುಮಾನವಿಲ್ಲ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಸಿರಪ್ಪು ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಆಗ ಕೇಂದ್ರ ಆರೋಗ್ಯ ಇಲಾಖೆ ಎಚ್ಚರಿಸಬೇಕಾಗಿ ಬಂತಲ್ಲ, ಅಂದರೆ ತಾನೇ ವಾಸಿಯಾಗುವ ಕೆಮ್ಮನ್ನು ಕಾಯುವ ವ್ಯವಧಾನ ನಮ್ಮ ಮನೆಗಳಲ್ಲಿ ಉಳಿದಿಲ್ಲ.

ವ್ಯವಧಾನ ಆಕಾಶದಿಂದ ಉದುರುವುದಿಲ್ಲ, ಸಂಬಳ ಕಡಿತವಾಗದ ರಜೆಯಿಂದ ಬರುತ್ತದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಕರ್ನಾಟಕ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ರಜೆ ಕೊಟ್ಟಿತು. ಅಗತ್ಯವನ್ನು ಸರ್ಕಾರ ಒಪ್ಪಿಕೊಂಡಿದೆ, ತನ್ನ ಮನೆಯವರ ಮಟ್ಟಿಗೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸಿಗೆ ಇರುವುದು ಇಎಸ್‌ಐ ಎಂಬ ಕಾರ್ಮಿಕರ ವಿಮೆ. ಅವಳಿಗೆ ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಕೂಲಿ ಸಿಗುತ್ತದೆ. ಅವಳ ಮಗುವಿಗೆ ಕಾಯಿಲೆಯಾದರೆ ಆಸ್ಪತ್ರೆ, ಔಷಧ ಸಿಗುತ್ತದೆ, ಮಗುವಿನ ಬಳಿ ಕೂತ ದಿನದ ಕೂಲಿ ಮಾತ್ರ ಇಲ್ಲ. ನನ್ನ ಒತ್ತಾಯ ಇಷ್ಟೇ: ಹನ್ನೆರಡು ವರ್ಷದೊಳಗಿನ ಮಗುವಿನ ಕಾಯಿಲೆ, ಪೆಟ್ಟಿಗಾಗಿ ವರ್ಷಕ್ಕೆ ಹತ್ತು ದಿನದ ಕೂಲಿಯನ್ನು ತಂದೆ, ತಾಯಿ ಇಬ್ಬರಿಗೂ ಇಎಸ್‌ಐ ನಿಧಿಯಿಂದಲೇ ಕೊಡಬೇಕು. ಇಬ್ಬರಿಗೂ ಎಂಬುದು ಮುಖ್ಯ. ತಾಯಿಗೆ ಮಾತ್ರ ಕೊಟ್ಟರೆ ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಮಾಲೀಕರು ಹೆಂಗಸರನ್ನು ಬಿಟ್ಟು ಗಂಡಸರನ್ನು ಆರಿಸುತ್ತಾರೆ, ಜೊತೆಗೆ ಜ್ವರ ನೋಡುವುದು ಅಮ್ಮನ ಕೆಲಸ ಎಂಬುದಕ್ಕೆ ಕಾನೂನಿನ ಮುದ್ರೆಯೂ ಬೀಳುತ್ತದೆ. ಸ್ವೀಡನ್ನಿನಲ್ಲಿ ಮಗುವೊಂದಕ್ಕೆ ವರ್ಷಕ್ಕೆ 120 ದಿನದವರೆಗೆ ಇಂಥ ಭತ್ಯೆ ಇದೆ. ಮಕ್ಕಳ ಕಾಯಿಲೆ ಹೆಚ್ಚುವ ಫೆಬ್ರುವರಿಗೆ ಅಲ್ಲಿನ ಜನ ಆ ರಜೆಯ ಹೆಸರು ಸೇರಿಸಿ ‘ವಾಬ್ರುವಾರಿ’ ಎಂದು ತಮಾಷೆ ಮಾಡುತ್ತಾರೆ. ತಮಾಷೆ ಮಾಡುವಷ್ಟು ಅದು ಮಾಮೂಲಿಯಾಗಿದೆ.

ಸಣ್ಣ ಕಾರ್ಖಾನೆಯವನಿಗೆ ಇದು ಹೊರೆ ಎಂಬ ಆಕ್ಷೇಪದಲ್ಲಿ ಅರ್ಧ ಹುರುಳಿದೆ. ಹಣ ಅವನ ಕಿಸೆಯಿಂದ ಹೋಗುವುದಿಲ್ಲ, ಮಾಲೀಕರ ಶೇ 3.25 ಮತ್ತು ಕಾರ್ಮಿಕರ ಶೇ 0.75 ಸೇರಿದ ನಿಧಿಯಿಂದ ಹೋಗುತ್ತದೆ. ಆದರೆ ಆ ದಿನ ಒಂದು ಯಂತ್ರ ಖಾಲಿ ನಿಲ್ಲುವುದು ನಿಜ. ಅದು ಈಗಲೂ ನಿಲ್ಲುತ್ತದೆ, ಮುನ್ಸೂಚನೆ ಇಲ್ಲದೆ. ಅಜ್ಜಿ-ತಾತ ಇಲ್ಲವೇ ಎನ್ನುವವರು ಇದ್ದಾರೆ. ರಾಯಚೂರು, ಕಲಬುರಗಿಯಿಂದ ಬೆಂಗಳೂರಿಗೆ ಬಂದವರ ಅಜ್ಜಿ ಊರಿನಲ್ಲಿ ಹೊಲ ನೋಡುತ್ತಿರುತ್ತಾಳೆ. ಜೊತೆಗಿದ್ದರೂ ಮಕ್ಕಳ ಫ್ಲೂ ಕಾಡುವುದು ಎಪ್ಪತ್ತರ ಎದೆಗೇ ಹೆಚ್ಚು. ಶಿಶುಪಾಲನಾ ಕೇಂದ್ರಗಳನ್ನು ಹೆಚ್ಚಿಸಿದರೆ ಸಾಲದೇ ಎಂದೂ ಕೇಳಬಹುದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಅದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಲೇ ಕಡ್ಡಾಯ, ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಅವು ಬೇಕೇ ಬೇಕು. ಆದರೆ ಕೈ-ಕಾಲು-ಬಾಯಿ ರೋಗದ ಮಗುವನ್ನು ಯಾವ ಕೇಂದ್ರವೂ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಕೂಲಿ, ಮನೆಗೆಲಸ, ಬೀದಿ ವ್ಯಾಪಾರ ಮಾಡುವ ಬಹುಸಂಖ್ಯಾತರಿಗೆ ಇಎಸ್‌ಐ ಇಲ್ಲವೇ ಇಲ್ಲ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಟ್ಟಡ ಕಾರ್ಮಿಕರಿಗೆ ಸೆಸ್ ಹಣದ ಕಲ್ಯಾಣ ಮಂಡಳಿ ಇರುವುದರಿಂದ ಎರಡನೆಯ ಹೆಜ್ಜೆಯನ್ನು ಅಲ್ಲಿ ಇಡಬಹುದು. ಉಳಿದವರಿಗೆ ತಡವಾಗುತ್ತದೆ ಎಂಬ ಕಾರಣಕ್ಕೆ ಮೊದಲ ಹೆಜ್ಜೆಯನ್ನೇ ಬಿಡುವುದು ನ್ಯಾಯವಲ್ಲ. ಖಾಸಗಿಯವರಿಗೂ ಅನ್ವಯಿಸುವಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ 2025ರಲ್ಲಿ ಒಪ್ಪಿಗೆ ಕೊಟ್ಟ ರಾಜ್ಯ ಸಚಿವ ಸಂಪುಟಕ್ಕೆ, ದೆಹಲಿಯ ಇಎಸ್‌ಐ ನಿಗಮದ ಮುಂದೆ ಈ ಮಾತೆತ್ತುವುದು ಹೊಸ ಸಾಹಸವೇನಲ್ಲ.

ಇನ್ನು ದುರುಪಯೋಗದ ಮಾತು. ಸುಳ್ಳು ಚೀಟಿ ತರುತ್ತಾರೆ ಎನ್ನುತ್ತಾರೆ. ಈಗ ತರುತ್ತಿರುವುದಾದರೂ ಏನು? ಮಗುವಿಗೆ ನೂರಾಎರಡು ಜ್ವರ ಇದ್ದ ದಿನ ಅಪ್ಪ ತನ್ನ ಹೊಟ್ಟೆನೋವು ಎಂದು ಬರೆದು ರಜೆ ಹಾಕುತ್ತಾನೆ, ಅಮ್ಮ ತಲೆಸುತ್ತು ಎನ್ನುತ್ತಾಳೆ. ಸೂಪರ್‌ವೈಸರಿಗೂ ಅದು ಗೊತ್ತು, ಅವನ ಮನೆಯಲ್ಲೂ ಮಕ್ಕಳಿದ್ದಾರೆ.