ಸಭಾಕಂಪವೂ ಐದು ನಿಮಿಷದ ನಗೆಯೂ

ನಗರಜೀವನದಲ್ಲಿ ‘ಓಪನ್ ಮೈಕ್’ ಎಂಬ ಪದ್ಧತಿಯೊಂದು ಈಚೆಗೆ ಬಳಕೆಗೆ ಬಂದಿದೆ. ಹೆಸರು ಕೊಟ್ಟವರಿಗೆಲ್ಲ ನಾಲ್ಕೈದು ನಿಮಿಷಗಳ ಮಟ್ಟಿಗೆ ವೇದಿಕೆ ದೊರೆಯುತ್ತದೆ. ವೇಷವಿಲ್ಲ, ವಾದ್ಯವಿಲ್ಲ, ಜೊತೆಗಾರನಿಲ್ಲ. ಒಬ್ಬನೇ ನಿಂತು ಮಾತಿನಿಂದಲೇ ಸಭಿಕರನ್ನು ನಗಿಸಬೇಕು. ಬೆಂಗಳೂರಿನಲ್ಲಿ ಇಂಥ ಕೂಟಗಳಿಗೆ ಇಂದಿರಾನಗರ, ಕೋರಮಂಗಲಗಳು ಹೆಸರಾಗಿವೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಕಾಲೇಜುಗಳಲ್ಲಿ ಇವು ಕನ್ನಡದಲ್ಲಿ ನಡೆಯಬೇಕೆಂಬುದು ನನ್ನ ಅಭಿಮತ. ವಿಜ್ಞಾನಪತ್ರಿಕೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಮಿತ್ರರು ಕೇಳಬಹುದು. ಸಂಬಂಧವುಂಟು.

ಉತ್ತರ ಬಲ್ಲ ಹುಡುಗ ತರಗತಿಯಲ್ಲಿ ಕೈಯೆತ್ತುವುದಿಲ್ಲ. ಪ್ರಯೋಗವನ್ನು ಅಚ್ಚುಕಟ್ಟಾಗಿ ಮುಗಿಸಿದ ಹುಡುಗಿ ಮೌಖಿಕ ಪರೀಕ್ಷೆಯಲ್ಲಿ ಮೂಕಳಾಗುತ್ತಾಳೆ. ಎಷ್ಟೋ ಜಾಣರ ಜ್ಞಾನ ಹೀಗೆ ಗಂಟಲಲ್ಲೇ ಉಳಿದುಹೋಗುತ್ತದೆ. ಸಭಾಕಂಪವೆಂದು ಕರೆಯುವ ಈ ಅವಸ್ಥೆ ಹೇಡಿತನವಲ್ಲ, ದೇಹಧರ್ಮ. ನರಮಂಡಲವೂ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್ ರಸವೂ ಕೂಡಿ ಎದೆಬಡಿತವನ್ನು ಏರಿಸುತ್ತವೆ. ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಮಾನಸಿಕ ಒತ್ತಡವನ್ನು ಉಂಟುಮಾಡುವ ಕ್ರಮವೊಂದನ್ನು ಪ್ರಕಟಿಸಿದರು. ಅದಕ್ಕೆ ಅವರು ಆರಿಸಿಕೊಂಡ ಸಾಧನಗಳು ಎರಡೇ: ಅಪರಿಚಿತರ ಮುಂದೆ ಭಾಷಣ, ಅನಂತರ ಬಾಯಿಲೆಕ್ಕ!

ಆದರೆ ಈ ಕಂಪನ ನೋಡುವವರಿಗೆ ಎಷ್ಟು ಕಾಣುತ್ತದೆ? ಅಮೆರಿಕದ ಸವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ತಮ್ಮ ಅಳುಕು ಹೊರಗೆ ಎಷ್ಟು ಕಾಣುತ್ತಿದೆಯೆಂದು ಭಾಷಣಕಾರರು ಎಣಿಸಿದ್ದರೋ, ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ವಿಷಯವನ್ನು ಮೊದಲೇ ತಿಳಿಸಲಾದ ವಿದ್ಯಾರ್ಥಿಗಳ ಭಾಷಣಗಳು ಉಳಿದವರವಕ್ಕಿಂತ ಉತ್ತಮವೆಂದು ಕೇಳುಗರೇ ನಿರ್ಣಯಿಸಿದರು. ಬರಿಯ ತಿಳಿವಳಿಕೆಯೇ ಇಲ್ಲಿ ಔಷಧವಾಯಿತು.

ಭಯ ಕಾಣದಿರಬಹುದು, ನಗೆ ಬಾರದಿದ್ದರೆ ಅದು ಎಲ್ಲರಿಗೂ ಕಾಣುವುದಲ್ಲವೆ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಪ್ರತಿಯೊಂದು ನಗೆಮಾತೂ ಒಂದು ಊಹೆ. ಸಭೆ ಅದನ್ನು ಪರೀಕ್ಷಿಸುತ್ತದೆ. ಮೌನವೂ ಒಂದು ಫಲಿತಾಂಶವೇ. ಮಾತು ಉದ್ದವಾಯಿತೆ, ಮುಖ್ಯ ಪದ ಮೊದಲೇ ಬಂದುಬಿಟ್ಟಿತೆ ಎಂದು ಪರಿಶೀಲಿಸಿ, ಒಂದೊಂದು ಅಂಶವನ್ನೇ ಬದಲಾಯಿಸಿ ಮತ್ತೆ ನೋಡುವುದು ಪ್ರಯೋಗಶಾಲೆಯ ಶಿಸ್ತೇ ಆಗಿದೆ. ನಗೆಗೆ ಸಂಗಡಿಗರೂ ಬೇಕು. ಒಬ್ಬರೇ ಇರುವಾಗಿಗಿಂತ ಇತರರೊಡನಿರುವಾಗ ಜನ ಸುಮಾರು 30 ಪಟ್ಟು ಹೆಚ್ಚು ನಗುವರೆಂದು ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಕಂಡುಕೊಂಡನು. ಆದುದರಿಂದ ದೊಡ್ಡ ಸಭಾಂಗಣದಲ್ಲಿ ಚದುರಿ ಕುಳಿತ ಮೂವತ್ತು ಜನರಿಗಿಂತ, ಚಿಕ್ಕ ಕೊಠಡಿಯಲ್ಲಿ ಒತ್ತಾಗಿ ಕುಳಿತ ಮೂವತ್ತು ಜನ ಹೊಸಬನಿಗೆ ಲೇಸು.

ಇದು ನಮಗೆ ಪರಕೀಯ ವಿದ್ಯೆಯಲ್ಲ. ಯಕ್ಷಗಾನದ ಹಾಸ್ಯಗಾರ ಇಂದಿಗೂ ರಂಗದ ಮೇಲೆಯೇ ಆಶುವಾಗಿ ಮಾತು ಹೆಣೆಯುತ್ತಾನೆ. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದ ‘ರಾಶಿ’ಯವರು, ಅಂದರೆ ಎಂ. ಶಿವರಾಂ ಅವರು, ವೃತ್ತಿಯಿಂದ ವೈದ್ಯರು. ವಿಜ್ಞಾನ ಓದಿದವರಿಗೆ ನಗೆ ಒಲಿಯದೆಂಬ ಮಾತಿಗೆ ಅವರ ಬಾಳೇ ಉತ್ತರ.

ಕಾಲೇಜುಗಳು ಮಾಡಬೇಕಾದ ಏರ್ಪಾಡು ಅಲ್ಪ: ತಿಂಗಳಿಗೊಮ್ಮೆ, ಶನಿವಾರ, ಒಂದು ಕೊಠಡಿ, ಒಂದು ಗಂಟೆ, ತಲೆಗೆ ಐದು ನಿಮಿಷ. ಬಹುಮಾನ ಬೇಡ, ಬಹುಮಾನವಿದ್ದಲ್ಲಿ ಬಲ್ಲವರಷ್ಟೇ ಬರುತ್ತಾರೆ, ಅಂಜುವವರು ಬರುವುದಿಲ್ಲ. ಮೊಬೈಲಿನಲ್ಲಿ ಚಿತ್ರೀಕರಣ ಕೂಡದು; ತಪ್ಪುವ ಸ್ವಾತಂತ್ರ್ಯವಿಲ್ಲದೆಡೆ ಕಲಿಕೆಯಿಲ್ಲ. ಮತ್ತೊಬ್ಬರ ಜಾತಿ, ಮೈಬಣ್ಣ, ಉಚ್ಚಾರಣೆಗಳನ್ನು ಹೀಗಳೆದು ಗಳಿಸುವ ನಗೆಗೂ ಅಲ್ಲಿ ಎಡೆಯಿರಬಾರದು. ಅದು ಒಬ್ಬರ ಸಭಾಕಂಪವನ್ನು ಇನ್ನೊಬ್ಬರಿಗೆ ದಾಟಿಸುವುದಷ್ಟೇ. ಮನೆಯ ಮಾತಿನಲ್ಲಿ ನಾಲ್ವರ ಮುಂದೆ ಒಮ್ಮೆ ನಿಂತವನು ಮೌಖಿಕ ಪರೀಕ್ಷೆಯ ಕೊಠಡಿಗೂ ಸ್ವಲ್ಪ ಧೈರ್ಯವನ್ನು ಕೊಂಡೊಯ್ಯುವನೆಂದು ನನ್ನ ನಂಬಿಕೆ. ನಂಬಿಕೆ ಸರಿಯೋ ತಪ್ಪೋ, ನೀವೇ ಪ್ರಯೋಗ ಮಾಡಿ ನೋಡಿರಿ.