ಇಸ್ಪೀಟು ಯಂತ್ರವೂ ವೃದ್ಧರ ಬುದ್ಧಿಯೂ

ಮುಪ್ಪಿನಲ್ಲಿ ಬುದ್ಧಿ ಮಂಕಾಗದಿರಲು ವಿಡಿಯೋ ಪೋಕರ್ ಎಂಬ ಯಂತ್ರದ ಇಸ್ಪೀಟು ಒಳ್ಳೆಯ ವ್ಯಾಯಾಮವೆಂಬ ವಾದವೊಂದು ಅಮೆರಿಕದಲ್ಲಿ ಕೇಳಿಬರುತ್ತಿದೆ. ಲಾಸ್ ವೇಗಾಸ್ ನಗರದ ಜೂಜುಗೃಹಗಳಲ್ಲಿ 1970ರ ದಶಕದ ಕೊನೆಯಿಂದ ಈ ಯಂತ್ರಗಳಿವೆ. ದೂರದ ಈ ಮಾತು ಮುಂಬಯಿಯ ಕನ್ನಡಿಗರಿಗೇಕೆ ಎಂದು ವಾಚಕರು ಕೇಳಬಹುದು. ರಮ್ಮಿ ಬುದ್ಧಿಯ ಆಟವೆಂಬ ಇಂಥದೇ ವಾದವನ್ನು ಹೊತ್ತು ಹಣದ ಜೂಜು ನಮ್ಮವರ ಮೊಬೈಲಿನೊಳಕ್ಕೂ ಹೊಕ್ಕಿತ್ತು. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾನೂನು ಬಂದರೂ ವಾದ ಸತ್ತಿಲ್ಲ.

ಅದರಲ್ಲಿ ಹುರುಳೇ ಇಲ್ಲವೆಂದು ನಾವು ಹೇಳೆವು. ಯಂತ್ರವು ಐದು ಎಲೆ ಹಂಚುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದು ಆಡುವವನ ನಿರ್ಧಾರ. ಪ್ರತಿ ಸಲವೂ 32 ಬಗೆಯ ಆಯ್ಕೆ. ಒಂದೇ ಜಾತಿಯ ನಾಲ್ಕು ಎಲೆಗಳ ಜೊತೆಗೆ ಸಣ್ಣ ಜೋಡಿಯೊಂದು ಬಂದರೆ ಜೋಡಿಯನ್ನು ಒಡೆಯುವುದು ಸರಿ. ಆ ಜೋಡಿ ಗುಲಾಮನದಾದರೆ ಒಡೆಯುವುದು ತಪ್ಪು. ನೆನಪು, ಲೆಕ್ಕ, ಸಂಯಮ ಮೂರೂ ಬೇಕಾದ ಆಟವಿದು.

ಆದರೆ ಗಲ್ಲಾದಲ್ಲಿ ಕುಳಿತು ಬಂದ ನಮಗೆ ಮೊದಲು ಕಾಣುವುದು ಜಮಾಖರ್ಚು. ಸಾಮಾನ್ಯ ಬಗೆಯ ಆಟದಲ್ಲಿ ‘ಫುಲ್ ಹೌಸ್’ ಬಿದ್ದರೆ ಒಂದಕ್ಕೆ 9, ‘ಫ್ಲಶ್’ ಬಿದ್ದರೆ 6 ಸಿಗುವ ಯಂತ್ರವು, ಒಂದು ತಪ್ಪೂ ಮಾಡದೆ ಆಡಿದವನಿಗೆ, ನೂರು ಡಾಲರಿಗೆ ಸರಾಸರಿ 99.54 ಡಾಲರು ಹಿಂದಿರುಗಿಸುತ್ತದೆ. ಆ ಎರಡು ಅಂಕೆಗಳನ್ನು 8 ಮತ್ತು 5ಕ್ಕೆ ಇಳಿಸಿದರೆ ಅದು 97.30 ಆಗುತ್ತದೆ. ಆಟಕ್ಕೆ ಒಂದೂಕಾಲು ಡಾಲರಿನಂತೆ ಗಂಟೆಗೆ 600 ಆಟವಾಡುವವನ ಕೈಯಿಂದ 750 ಡಾಲರು ಹಾದುಹೋಗುತ್ತದೆ. ಮೊದಲ ಯಂತ್ರದಲ್ಲಿ ನಷ್ಟ ಮೂರೂವರೆ ಡಾಲರಿನಷ್ಟು, ಎರಡನೆಯದರಲ್ಲಿ ಇಪ್ಪತ್ತು. ಸುಮಾರು 40,000 ಆಟಕ್ಕೊಮ್ಮೆ ಬರುವ ಅತಿ ದೊಡ್ಡ ಬಹುಮಾನವನ್ನೂ ಸೇರಿಸಿದ ಲೆಕ್ಕವಿದು. ಅದು ಬಾರದವನ ನಷ್ಟ ಇನ್ನೂ ಹೆಚ್ಚು. ಹೊಟೇಲಿನಲ್ಲಿ ಇಡ್ಲಿ ಕಿರಿದಾದರೆ ಗಿರಾಕಿ ಅಂದೇ ಕೇಳುತ್ತಾನೆ. ಯಂತ್ರವನ್ನು ಕೇಳುವವರಾರು?

ವೈದ್ಯರು ಹೇಳುವುದಾದರೂ ಏನು? ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವವರು, ವಾದ್ಯ ನುಡಿಸುವವರು, ಇಸ್ಪೀಟು ಅಥವಾ ಮಣೆಯಾಟ ಆಡುವವರು, ನರ್ತಿಸುವವರು ಇವರಲ್ಲಿ ಮರೆವಿನ ರೋಗ ಕಡಿಮೆಯೆಂದು ಅದರಲ್ಲಿ ಕಂಡಿತು. ಆಡಿದ್ದರಿಂದ ಬುದ್ಧಿ ಉಳಿಯಿತೋ, ಬುದ್ಧಿ ಉಳಿದವರು ಆಡಿದರೋ ಎಂಬುದನ್ನು ಅಂಥ ಅಧ್ಯಯನ ತೀರ್ಮಾನಿಸಲಾರದು. ಪಣವಿಟ್ಟರೆ ಲಾಭ ಹೆಚ್ಚೆಂದಂತೂ ಅದು ಹೇಳಿಲ್ಲ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಕೆಲವು ಔಷಧಗಳು ಕೆಲವರಲ್ಲಿ ತಡೆಯಲಾಗದ ಜೂಜಿನ ಹುಚ್ಚನ್ನು ಹುಟ್ಟಿಸುತ್ತವೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಅಂಥ ವೃದ್ಧರಿಗೆ ಈ ‘ವ್ಯಾಯಾಮ’ವನ್ನು ಹೇಳಿಕೊಡುವುದು ಎಂಥ ಅವಿವೇಕ!

ಕಾಗದ ಮುಟ್ಟದೆ ಹತ್ತು ಮೇಜಿನ ಆರ್ಡರನ್ನು ನೆನಪಿಟ್ಟು ಬಿಲ್ಲು ಹೇಳಿದ ನಮ್ಮ ಮಾಣಿಗಳೂ, ಉದ್ದುದ್ದ ಲೆಕ್ಕಗಳನ್ನು ಬಾಯಲ್ಲೇ ಕೂಡಿಸಿದ ನಮ್ಮ ಗುಮಾಸ್ತರೂ ಕೆಲಸ ಬಿಟ್ಟ ಮರುದಿನದಿಂದ ಬುದ್ಧಿಗೆ ಕೆಲಸವಿಲ್ಲದೆ ಕೋಣೆಯ ಮೂಲೆ ಸೇರುತ್ತಾರೆ. ಪ್ರಾವಿಡೆಂಟ್ ಫಂಡಿನ ಹಣ ಬ್ಯಾಂಕಿನಲ್ಲಿ, ಮೊಬೈಲು ಕೈಯಲ್ಲಿ, ಮಾತಾಡಲು ಜನವಿಲ್ಲ. ಜೂಜಿನವನು ಕಾಯುವುದು ಇಂಥವರನ್ನೇ.

ನಮ್ಮ ಸಂಘಗಳ ಸಭಾಗೃಹಗಳಲ್ಲಿ ಎಷ್ಟೋ ರಾಜ್ಯೋತ್ಸವಕ್ಕೂ ಯಕ್ಷಗಾನಕ್ಕೂ ಮಾತ್ರ ತೆರೆಯುತ್ತವೆ. ಮಧ್ಯಾಹ್ನ ಎರಡರಿಂದ ಆರರವರೆಗೆ ನಿವೃತ್ತರಿಗೆ ಅವು ತೆರೆದಿರಲಿ. ಎರಡು ಕಟ್ಟು ಇಸ್ಪೀಟು, ಒಂದು ಚದುರಂಗ, ಊರಿನಿಂದ ತರಿಸಿದ ಚೆನ್ನೆಮಣೆ, ಕನ್ನಡ ಪತ್ರಿಕೆಗಳು ಇಷ್ಟಿದ್ದರೆ ಸಾಕು. ಹಣದ ಪಣ ಕೂಡದು. ಸೋತವನು ಚಹಾ ಕೊಡಿಸುವುದಾದರೆ ನಾವು ಕಣ್ಣು ಮುಚ್ಚಿಕೊಳ್ಳುವೆವು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಕಾರ್ಯದರ್ಶಿಗಳು ಈ ತಿಂಗಳ ಸಭೆಯಲ್ಲಿಯೇ ನಿಶ್ಚಯಿಸಲಿ.